ತುಕ್ಕು ಹಿಡಿದ ನಟ್ಟೂ ಅದನ್ನು ಸೀಳುವ ಸಾಧನವೂ

ಮೃಗಶಿರ ಮಳೆ ಬಿದ್ದು ಹೊಲ ಹದಕ್ಕೆ ಬಂದಿದೆ ಎಂದಿಟ್ಟುಕೊಳ್ಳಿ. ಕೆಂಪು ಭೂಮಿಯ ಹದ ಎಷ್ಟು ದಿವಸ ನಿಂತೀತು ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಬಿಸಿಲು ಬಿಟ್ಟರೆ ಎರಡೋ ಮೂರೋ ದಿವಸ; ಮೋಡ ಕವಿದುಕೊಂಡಿದ್ದರೆ ಮೇಲೊಂದು ದಿವಸ. ಅಷ್ಟರೊಳಗೆ ಉತ್ತು, ಹರಗಿ, ಬಿತ್ತಿ ಮುಗಿಸಬೇಕು. ಬೆಳಗಾಗುತ್ತಲೇ ಕೊಟ್ಟಿಗೆಯ ಹಿಂದೆ ನಿಲ್ಲಿಸಿದ್ದ ಕಲ್ಟಿವೇಟರನ್ನು ಟ್ರಾಕ್ಟರಿಗೆ ಕಟ್ಟಲು ಹೋಗುತ್ತೀರಿ. ನೋಡಿದರೆ ಗುಳಗಳ ಬಾಯಿ ಸವೆದು ಮೊಂಡಾಗಿದೆ. ಚಿಂತೆಯಿಲ್ಲ, ಅದು ಎರಡು ಬಾಯಿಯ ಗುಳ. ಎರಡು ನಟ್ಟು ಬಿಚ್ಚಿ, ತಲೆಕೆಳಗು ಮಾಡಿ ಕೂಡಿಸಿದರೆ ಇನ್ನೊಂದು ಬಾಯಿ ಹೊಸದಾಗಿಯೇ ಇದೆ. ಆದರೆ ಆ ಎರಡು ನಟ್ಟು ಬಿಡಬೇಕಲ್ಲ! ಒಂಬತ್ತು ಹಲ್ಲಿನ ಕಲ್ಟಿವೇಟರಾದರೆ ಗುಳದ ನಟ್ಟುಗಳೇ ಹದಿನೆಂಟು. ಅದರಲ್ಲಿ ಹತ್ತು ಬಿಟ್ಟವು, ಎಂಟು ಬಿಡಲಿಲ್ಲ ಎಂದರೆ ಆ ದಿನದ ಕೆಲಸ ಕೆಟ್ಟಿತೆಂದೇ ಲೆಕ್ಕ.

ಮುಂದೆ ಆಗುವುದೂ ನಿಮಗೆ ಗೊತ್ತು. ಸ್ಪ್ಯಾನರು ಜಾರುತ್ತದೆ, ನಟ್ಟಿನ ಮೂಲೆಗಳು ಉರುಟಾಗುತ್ತವೆ. ಸ್ಪ್ಯಾನರಿನ ಹಿಡಿಗೆ ಒಂದು ಪೈಪು ಸಿಕ್ಕಿಸಿ ಇಬ್ಬರು ಜಗ್ಗುತ್ತಾರೆ. ಅದು ಹಠಾತ್ತನೆ ಜಾರಿದರೆ ಗೆಣ್ಣು ಹೋಗಿ ಚೌಕಟ್ಟಿಗೆ ಬಡಿಯುತ್ತದೆ. ಆಮೇಲೆ ಉಳಿ, ಸುತ್ತಿಗೆ. ಅದೂ ಆಗದೆ ಹೋದರೆ ಇಡೀ ಕಲ್ಟಿವೇಟರನ್ನು ವೆಲ್ಡಿಂಗ್ ಅಂಗಡಿಗೆ ಎಳೆದುಕೊಂಡು ಹೋಗುವುದು. ಅಲ್ಲಿ ನೋಡಿದರೆ ನಿಮ್ಮ ಹಾಗೆಯೇ ಹತ್ತು ಜನ ಕಾದಿರುತ್ತಾರೆ. ಮಳೆ ಎಲ್ಲರ ಹೊಲಕ್ಕೂ ಒಟ್ಟಿಗೇ ಬಿದ್ದಿದೆಯಲ್ಲ.

ಇಂಥ ಹೊತ್ತಿಗೆ ಒದಗುವ ಒಂದು ಚಿಕ್ಕ ಕೈಸಾಧನದ ವಿಷಯ ಇವತ್ತು ಹೇಳುತ್ತೇನೆ. ಅಂಗಡಿಯಲ್ಲಿ ಅದನ್ನು ನಟ್ ಸ್ಪ್ಲಿಟರ್ ಅಂತ ಕೇಳಬೇಕು. ಕೆಲವರು ನಟ್ ಕಟರ್ ಅಂತಲೂ ಅನ್ನುತ್ತಾರೆ. ನಟ್ಟನ್ನು ಸೀಳಿ ತೆಗೆಯುವ ಸಾಧನ ಅದು. ಕರೆಂಟು ಬೇಡ, ಬೆಂಕಿ ಬೇಡ, ಸುತ್ತಿಗೆಯೂ ಬೇಡ. ಅಂಗಿಯ ಜೇಬಿನಲ್ಲಿ ಹಿಡಿಸುವಷ್ಟು ಗಾತ್ರ. ಆದರೆ ಎಲ್ಲ ನಟ್ಟಿಗೂ ಇದೇ ಮದ್ದು ಎಂದು ನಾನು ಹೇಳುವುದಿಲ್ಲ. ಎಲ್ಲಿ ಬೇಕು, ಎಲ್ಲಿ ಬೇಡ ಎಂಬುದೇ ಇಲ್ಲಿ ಮುಖ್ಯವಾದ ಮಾತು.

ಮೊದಲು ನಟ್ಟು ಯಾಕೆ ಹಿಡಿದುಕೊಳ್ಳುತ್ತದೆ ಎಂಬುದನ್ನು ನೋಡೋಣ. ಕಬ್ಬಿಣಕ್ಕೆ ನೀರೂ ಗಾಳಿಯೂ ಒಟ್ಟಿಗೆ ತಾಗಿದರೆ ತುಕ್ಕಾಗುತ್ತದೆ. ಇದು ಎಲ್ಲರಿಗೂ ಗೊತ್ತು. ಬಹಳ ಜನ ಗಮನಿಸದ ಸಂಗತಿ ಇನ್ನೊಂದಿದೆ. ಕಬ್ಬಿಣ ತುಕ್ಕಾದಾಗ ಕರಗಿ ಕಡಿಮೆಯಾಗುವುದಿಲ್ಲ, ಉಬ್ಬುತ್ತದೆ. ತಿಂದುಹೋದ ಕಬ್ಬಿಣ ಎಷ್ಟು ಜಾಗದಲ್ಲಿತ್ತೋ ಅದರ ಎರಡು ಪಟ್ಟಿಗೂ ಮೀರಿದ ಜಾಗ ತುಕ್ಕಿಗೆ ಬೇಕು. ಬೋಲ್ಟಿನ ಥ್ರೆಡ್ಡಿಗೂ ನಟ್ಟಿನ ಥ್ರೆಡ್ಡಿಗೂ ನಡುವೆ ಇರುವ ಸಂದು ಕೂದಲೆಳೆಯಷ್ಟು. ಆ ಸಂದಿನಲ್ಲಿ ತುಕ್ಕು ಉಬ್ಬಿದರೆ, ಮಳೆಗಾಲದಲ್ಲಿ ಬಾಗಿಲು ನೆನೆದು ಚೌಕಟ್ಟಿನಲ್ಲಿ ಬಿಗಿದುಕೊಳ್ಳುವ ಹಾಗೆ ಎರಡೂ ಒಂದಕ್ಕೊಂದು ಬಿಗಿಯುತ್ತವೆ. ಬಾಗಿಲಾದರೋ ಬೇಸಗೆಯಲ್ಲಿ ಒಣಗಿ ಸಡಿಲವಾದೀತು. ನಟ್ಟು ಹಾಗಲ್ಲ, ವರ್ಷ ವರ್ಷಕ್ಕೂ ಬಿಗಿಯೇ.

ಉಪ್ಪಿನ ಅಂಶ ಸೇರಿದರಂತೂ ತುಕ್ಕು ಓಡೋಡಿ ಬರುತ್ತದೆ. ಬೀಜ ಗೊಬ್ಬರ ಒಟ್ಟಿಗೆ ಬಿತ್ತುವ ಕೂರಿಗೆಯಲ್ಲಿ ಗೊಬ್ಬರದ ಪೆಟ್ಟಿಗೆಯ ಕಡೆಯ ನಟ್ಟುಗಳು ಮೊದಲು ಹಿಡಿಯುವುದು ಇದಕ್ಕೇ. ನಾವು ಹಾಕುವ ಪೊಟ್ಯಾಷು ಹೆಚ್ಚಾಗಿ ಪೊಟ್ಯಾಸಿಯಂ ಕ್ಲೋರೈಡು. ಅಡಿಗೆ ಉಪ್ಪಿನ ದಾಯಾದಿ ಅಂತಲೇ ತಿಳಿಯಿರಿ. ಕರಾವಳಿಯವರಿಗೆ ಸಮುದ್ರದ ಗಾಳಿಯೇ ಸಾಕು. ಕೊಟ್ಟಿಗೆಯ ಗಂಜಲ ತಾಗುವ ಕಡೆ ನಿಲ್ಲಿಸಿದ ಸಲಕರಣೆಯೂ ಹಾಗೆಯೇ.

ಹಳೆಯ ಮರದ ನೇಗಿಲಿಗೆ ಈ ಕಾಟ ಇರಲಿಲ್ಲ. ಬಳೆ, ಬೆಣೆ, ಕೊಂಡಿಗಳಲ್ಲಿ ಗುಳ ನಿಲ್ಲುತ್ತಿತ್ತು. ಬೆಣೆ ಹೊಡೆದರೆ ಬಿಗಿ, ತೆಗೆದರೆ ಸಡಿಲು. ಲಕ್ಷ್ಮಣರಾವ್ ಕಿರ್ಲೋಸ್ಕರರು ೧೯೦೩ರಲ್ಲಿ ಬೆಳಗಾವಿಯಲ್ಲಿ ಕಬ್ಬಿಣದ ನೇಗಿಲು ಮಾಡಲು ಹೊರಟಾಗ ಅದನ್ನು ಕೊಳ್ಳಲು ರೈತರು ಹಿಂದೆಮುಂದೆ ನೋಡಿದರೆಂದು ಹೇಳುತ್ತಾರೆ. ಕಬ್ಬಿಣ ಬಂದಿತು, ಆಳದ ಉಳುಮೆ ಬಂದಿತು, ಕೆಲಸ ಹಗುರಾಯಿತು. ಅದರ ಜೊತೆಗೆ ನಟ್ಟು ಬೋಲ್ಟುಗಳೂ ನಮ್ಮ ಮನೆಗೆ ಬಂದವು. ಈಗ ಪಂಪು, ಪವರ್ ಟಿಲ್ಲರು, ರೋಟವೇಟರು, ಟ್ರೇಲರು, ಯಾವುದನ್ನು ನೋಡಿದರೂ ನಟ್ಟೇ ನಟ್ಟು.

ಸರಿ, ಬಿಡದ ನಟ್ಟು ಒಂದು ಎದುರಿಗಿದೆ. ಕೂಡಲೇ ಸೀಳಲು ಹೋಗಬೇಡಿ. ಮೊದಲು ತಂತಿಯ ಬ್ರಷ್ಷಿನಿಂದ ಬೋಲ್ಟಿನ ಹೊರಗೆ ಕಾಣುವ ಥ್ರೆಡ್ಡನ್ನು ಚೆನ್ನಾಗಿ ಉಜ್ಜಿ. ಇದನ್ನು ಯಾರೂ ಮಾಡುವುದಿಲ್ಲ, ಮಾಡಬೇಕಾದ ಮೊದಲ ಕೆಲಸವೇ ಇದು. ನಟ್ಟು ಹೊರಗೆ ಬರಬೇಕಾದ ದಾರಿಯಲ್ಲಿ ಮಣ್ಣೂ ತುಕ್ಕೂ ಗಟ್ಟಿಯಾಗಿ ಕೂತಿದ್ದರೆ ಅದು ಬರುವುದಾದರೂ ಹೇಗೆ? ಉಜ್ಜಿದ ಮೇಲೆ ಎಣ್ಣೆ ಬಿಡಿ. ಹಿಂದೆ ಸೀಮೆಎಣ್ಣೆ ಬಿಡುತ್ತಿದ್ದರು. ಈಗ ಅದು ಕೈಗೆ ಸಿಗುವುದು ಕಡಿಮೆ. ಡೀಸೆಲ್ಲಿಗೆ ಸ್ವಲ್ಪ ಇಂಜಿನ್ ಆಯಿಲು ಬೆರೆಸಿದರೂ ನಡೆದೀತು. ತುಕ್ಕಿನೊಳಗೆ ಇಳಿಯುವ ಎಣ್ಣೆಯೇ ಡಬ್ಬಿಯಲ್ಲಿ ಬರುತ್ತದೆ, ಅದಾದರೆ ಇನ್ನೂ ಮೇಲು. ಎಣ್ಣೆ ಬಿಟ್ಟು ಕಾಯಬೇಕು. ಒಂದು ಬೀಡಿ ಸೇದುವಷ್ಟು ಹೊತ್ತು ಕಾದರೆ ಸಾಲದು; ಸಂಜೆ ಬಿಟ್ಟು ಬೆಳಿಗ್ಗೆ ನೋಡಬೇಕು. ನಡುವೆ ಎರಡು ಸಲ ಮತ್ತೆ ಎಣ್ಣೆ ಬಿಟ್ಟು, ನಟ್ಟಿನ ಮಗ್ಗುಲಿಗೆ ಚಿಕ್ಕ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಆ ಅದುರಿಗೆ ತುಕ್ಕು ಬಿರುಕು ಬಿಟ್ಟು ಎಣ್ಣೆಗೆ ದಾರಿಯಾಗುತ್ತದೆ.

ಆಮೇಲೆ ಸರಿಯಾದ ಸ್ಪ್ಯಾನರು. ಉತ್ತರದ ಕಡೆಯವರು ಪಾನಾ ಅಂತೀರಿ. ಬಾಯಿ ತೆರೆದ ಸ್ಪ್ಯಾನರಿಗಿಂತ ರಿಂಗ್ ಸ್ಪ್ಯಾನರು ಉತ್ತಮ. ಅದು ನಟ್ಟನ್ನು ಸುತ್ತಲೂ ಹಿಡಿಯುತ್ತದೆ, ಮೂಲೆ ಉರುಟಾಗುವುದಿಲ್ಲ. ಬಿಚ್ಚುವ ಮೊದಲು ಬಿಗಿಯುವ ಕಡೆಗೆ ಒಂದು ಕೂದಲಷ್ಟು ಒತ್ತಿ ನೋಡಿ. ಹಿಡಿತ ಒಂದು ಸಲ ಮುರಿದರೆ ಸಾಕು, ಆಮೇಲೆ ಹಿಂದಕ್ಕೂ ಮುಂದಕ್ಕೂ ಆಡಿಸುತ್ತಾ ತರಬಹುದು. ಇನ್ನೊಂದು ಮಾತು: ಯಾವ ಕಡೆಗೆ ಬಿಚ್ಚುತ್ತಿದ್ದೀರಿ ಎಂದು ನೋಡಿಕೊಳ್ಳಿ. ಸೈಕಲ್ಲಿನ ಎಡಗಡೆಯ ಪೆಡಲು ಉಲ್ಟಾ ಥ್ರೆಡ್ಡಿನದು, ನಿಮಗೆ ಗೊತ್ತಿರಬಹುದು. ಯಂತ್ರಗಳಲ್ಲಿಯೂ ಕೆಲವು ಕಡೆ ಹಾಗಿರುತ್ತದೆ. ಅಂಥ ನಟ್ಟನ್ನು ಬಿಚ್ಚುತ್ತೇನೆಂದು ಬಿಗಿಯುತ್ತಾ ಕೂತರೆ ದೇವರೇ ಗತಿ.

ಬೆಂಕಿ ತೋರಿಸುವುದು ಹಳೆಯ ಉಪಾಯ, ಒಳ್ಳೆಯ ಉಪಾಯವೂ ಹೌದು. ಕಾದ ನಟ್ಟು ಹಿಗ್ಗುತ್ತದೆ, ತುಕ್ಕಿನ ಪದರ ಒಡೆಯುತ್ತದೆ. ಕುಲುಮೆಯ ಮುಂದೆ ಕೂತ ನಮ್ಮ ಕಮ್ಮಾರರು ಇದನ್ನು ತಲೆತಲಾಂತರದಿಂದ ಬಲ್ಲರು. ಆದರೆ ಎರಡು ಎಚ್ಚರಿಕೆ. ಗಾಳಿ ತುಂಬಿದ ಟೈರು ಇರುವ ಚಕ್ರದ ನಟ್ಟಿಗೆ ಯಾವ ಕಾರಣಕ್ಕೂ ಬೆಂಕಿ ತೋರಿಸಬೇಡಿ, ವೆಲ್ಡಿಂಗೂ ಮಾಡಿಸಬೇಡಿ. ಡಿಸ್ಕು ಕಾದು ಒಳಗಿನ ರಬ್ಬರು ಸುಟ್ಟು ಅನಿಲವಾಗಿ ಟೈರು ಸಿಡಿದರೆ ಎದುರಿಗಿದ್ದವರು ಉಳಿಯುವುದು ಕಷ್ಟ. ಎರಡನೆಯದು, ಸತುವಿನ ಲೇಪ ಇರುವ ಬಿಳಿ ನಟ್ಟು ಕಾದಾಗ ಬಿಳಿ ಹೊಗೆ ಬರುತ್ತದೆ. ಅದನ್ನು ಕುಡಿದರೆ ರಾತ್ರಿಗೆ ಚಳಿಜ್ವರ ಬಂದೀತು. ಎಣ್ಣೆ ಬಿಟ್ಟ ನಟ್ಟಿಗೆ ಆ ಕ್ಷಣವೇ ಬೆಂಕಿ ಹಿಡಿಯಬಾರದು ಎಂಬುದನ್ನು ಹೇಳಬೇಕಾಗಿಯೇ ಇಲ್ಲ.

ಇಷ್ಟೆಲ್ಲ ಮಾಡಿಯೂ ಬಿಡಲಿಲ್ಲ. ಅಥವಾ ಮಾಡುವುದರೊಳಗೆ ಮೂಲೆ ಉರುಟಾಗಿ ಸ್ಪ್ಯಾನರಿಗೆ ಹಿಡಿತವೇ ಇಲ್ಲವಾಯಿತು. ಈಗ ನಮ್ಮ ಸಾಧನದ ಸರದಿ.

ಅದರ ರೂಪ ಹೀಗಿದೆ. ಗಟ್ಟಿ ಉಕ್ಕಿನ ಒಂದು ಬಳೆ. ಒಳಗಡೆ ನಟ್ಟು ಕೂರುವಷ್ಟು ಜಾಗ. ಬಳೆಯ ಒಂದು ಬದಿಯಿಂದ ಒಳಕ್ಕೆ ಚೂಪಾದ ಉಳಿಯಂಥ ಹಲ್ಲು ಚಾಚಿಕೊಂಡಿದೆ. ಆ ಹಲ್ಲಿನ ಹಿಂದೆ ದಪ್ಪ ತಿರುಪು, ತಿರುಪಿನ ಹೊರತುದಿಯಲ್ಲಿ ಸ್ಪ್ಯಾನರು ಹಿಡಿಯುವ ಆರು ಮೂಲೆಯ ತಲೆ. ಬಳೆಯನ್ನು ಬಿಡದ ನಟ್ಟಿನ ಮೇಲೆ ತೊಡಿಸಿ ತಿರುಪನ್ನು ಬಿಗಿಯುತ್ತಾ ಹೋದರೆ ಹಲ್ಲು ನಟ್ಟಿನೊಳಕ್ಕೆ ಇಳಿಯುತ್ತದೆ. ಸೌದೆ ಸೀಳುವಾಗ ಬೆಣೆ ಹೊಡೆಯುತ್ತೀರಲ್ಲ, ಅದೇ ಕೆಲಸ. ಬೆಣೆ ಮರವನ್ನು ಕೊನೆಯವರೆಗೂ ಕತ್ತರಿಸುವುದಿಲ್ಲ. ಸ್ವಲ್ಪ ಇಳಿದು ಎರಡು ಮಗ್ಗುಲನ್ನು ದೂಡುತ್ತದೆ, ಮರ ತಾನಾಗಿ ಸೀಳುತ್ತದೆ. ಇಲ್ಲಿಯೂ ಹಾಗೆಯೇ.

ಇಷ್ಟು ಚಿಕ್ಕ ಸಾಧನಕ್ಕೆ ಉಕ್ಕನ್ನು ಸೀಳುವ ಬಲ ಎಲ್ಲಿಂದ ಬಂತು ಅಂತೀರಿ? ಲೆಕ್ಕ ಹಾಕಿ ನೋಡೋಣ. ತಿರುಪು ಒಂದು ಸುತ್ತಿಗೆ ಒಂದೂವರೆ ಮಿಲಿಮೀಟರು ಮುಂದೆ ಹೋಗುತ್ತದೆ ಎನ್ನೋಣ. ನೀವು ಹಿಡಿದ ಸ್ಪ್ಯಾನರು ೨೦ ಸೆಂಟಿಮೀಟರು ಉದ್ದ. ಒಂದು ಸುತ್ತಿಗೆ ನಿಮ್ಮ ಕೈ ಸುಮಾರು ೧೨೫ ಸೆಂಟಿಮೀಟರು ದಾರಿ ನಡೆಯುತ್ತದೆ. ಅಂದರೆ ಹಲ್ಲು ನಡೆದ ದಾರಿಯ ೮೦೦ ಪಟ್ಟಿಗೂ ಹೆಚ್ಚು. ಕೈ ನಡೆದ ದಾರಿ ಎಷ್ಟು ಪಟ್ಟೋ ಹಲ್ಲಿನ ಬಲವೂ ಅಷ್ಟು ಪಟ್ಟು ಆಗಬೇಕು. ಘರ್ಷಣೆಯಲ್ಲಿ ಬಹುಪಾಲು ಹೋಗುತ್ತದೆ ನಿಜ. ಹತ್ತು ಕಿಲೋ ತೂಕದಷ್ಟು ಬಲ ಹಾಕಿದರೆ, ಎಂಟರಲ್ಲಿ ಏಳು ಪಾಲು ಹೋಯಿತೆಂದರೂ ಹಲ್ಲಿನ ತುದಿಯಲ್ಲಿ ಸುಮಾರು ಒಂದು ಟನ್ನು ಉಳಿಯುತ್ತದೆ. ಘರ್ಷಣೆಗೆ ಹೋಗುವ ಪಾಲನ್ನು ಕಡಿಮೆ ಮಾಡಬೇಕಾದರೆ ತಿರುಪಿನ ಥ್ರೆಡ್ಡಿಗೆ ಗ್ರೀಸು ಸವರಬೇಕು. ಗ್ರೀಸಿಲ್ಲದೆ ಬಿಗಿದರೆ ಕೈ ಸೋಲುತ್ತದೆ, ಸಾಧನವೂ ಬೇಗ ಹಾಳಾಗುತ್ತದೆ.

ಹಲ್ಲನ್ನು ನಟ್ಟಿನ ಎಲ್ಲಿಗೆ ಇಡಬೇಕು? ಮೂಲೆಗಲ್ಲ, ಚಪ್ಪಟೆ ಮಗ್ಗುಲಿನ ನಡುಮಧ್ಯಕ್ಕೆ. ೧೨ ಮಿಲಿಮೀಟರಿನ ಬೋಲ್ಟನ್ನು ತೆಗೆದುಕೊಳ್ಳಿ. ಅದರ ನಟ್ಟಿಗೆ ನಾವು ಸಾಧಾರಣವಾಗಿ ೧೯ರ ಸ್ಪ್ಯಾನರು ಹಾಕುತ್ತೇವೆ. ೧೯ರಲ್ಲಿ ೧೨ ಕಳೆದರೆ ೭. ಎರಡು ಬದಿಗೆ ಹಂಚಿದರೆ ಒಂದೊಂದು ಕಡೆ ನಟ್ಟಿನ ದಪ್ಪ ಮೂರೂವರೆ ಮಿಲಿಮೀಟರು. ಅದೇ ಮೂಲೆಯಲ್ಲಿ ಅಳೆದರೆ ಐದು ಮಿಲಿಮೀಟರು ಬರುತ್ತದೆ. ತೆಳ್ಳಗಿರುವ ಕಡೆ ಸೀಳುವುದು ಸುಲಭ. ಹಲ್ಲು ಜಾರುವುದೂ ಇಲ್ಲ.

ಈ ಮೂರೂವರೆ ಮಿಲಿಮೀಟರನ್ನು ನೆನಪಿಟ್ಟುಕೊಳ್ಳಿ, ಉಪಯೋಗವಿದೆ. ಹಲ್ಲು ನಟ್ಟಿಗೆ ತಾಗಿತು ಎಂದು ಕೈಗೆ ಗೊತ್ತಾದ ಕ್ಷಣದಿಂದ ಸುತ್ತು ಎಣಿಸಿ. ಒಂದೂವರೆ ಮಿಲಿಮೀಟರಿನ ತಿರುಪಾದರೆ ಎರಡು ಸುತ್ತಿಗೆ ಹಲ್ಲು ಮೂರು ಮಿಲಿಮೀಟರು ಒಳಗೆ ಹೋಗಿರುತ್ತದೆ. ಇನ್ನು ಅರ್ಧ ಮಿಲಿಮೀಟರು ಹೋದರೆ ಬೋಲ್ಟಿನ ಥ್ರೆಡ್ಡಿಗೆ ಗಾಯ. ಆದ್ದರಿಂದ ಮೊದಲ ಒಂದು ಸುತ್ತು ಧೈರ್ಯವಾಗಿ ಹಾಕಿ. ಆಮೇಲೆ ಕಾಲು ಕಾಲು ಸುತ್ತು, ಪ್ರತಿ ಸಲವೂ ನಿಂತು ನೋಡುತ್ತಾ. ಬಹಳ ಸಲ ಎರಡು ಸುತ್ತು ಮುಗಿಯುವ ಮೊದಲೇ ಟಕ್ಕೆಂದು ಶಬ್ದ ಬರುತ್ತದೆ, ತಿರುಪು ಸಡಿಲವಾದ ಹಾಗೆ ಕೈಗೆ ತಿಳಿಯುತ್ತದೆ. ನಟ್ಟು ಸೀಳಿತು ಎಂದು ಅರ್ಥ. ಅಲ್ಲಿಗೇ ನಿಲ್ಲಿಸಿ. ನಿಮ್ಮ ಸಾಧನದ ತಿರುಪು ಒಂದು ಸುತ್ತಿಗೆ ಎಷ್ಟು ಮುಂದೆ ಹೋಗುತ್ತದೆ ಎಂಬುದನ್ನು ತಂದ ದಿನವೇ ಅಳೆದಿಡಿ. ಹತ್ತು ಸುತ್ತು ತಿರುಗಿಸಿ ಅಳತೆಪಟ್ಟಿ ಹಿಡಿದರೆ ತಿಳಿಯುತ್ತದೆ.

ಒಂದು ಕಡೆ ಸೀಳಿದ ಮೇಲೆ ಹಲ್ಲನ್ನು ಹಿಂದಕ್ಕೆ ತೆಗೆದು, ನಟ್ಟಿಗೆ ಪೈಪ್ ಸ್ಪ್ಯಾನರು ಹಾಕಿ ತಿರುಗಿಸಿ ನೋಡಿ. ಹಿಡಿತ ಬಿಟ್ಟಿರುವುದರಿಂದ ಅನೇಕ ವೇಳೆ ಹಾಗೆಯೇ ಬರುತ್ತದೆ. ಬರದಿದ್ದರೆ ಎದುರು ಮಗ್ಗುಲಿಗೂ ಅದೇ ರೀತಿ ಸೀಳು ಹಾಕಿ. ನಟ್ಟು ಎರಡು ಹೋಳಾಗಿ ಬಿದ್ದುಹೋಗುತ್ತದೆ. ತಿರುಪು ಬಿಗಿಯುವಾಗ ಬಳೆಯೇ ತಿರುಗಲು ನೋಡುತ್ತದೆ, ಅದನ್ನು ಇನ್ನೊಂದು ಕೈಯಿಂದ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಕಣ್ಣಿಗೆ ಕನ್ನಡಕ ಹಾಕಿಕೊಳ್ಳದೆ ಈ ಕೆಲಸಕ್ಕೆ ಕೂರಬೇಡಿ. ಉಕ್ಕು ಬಿರಿಯುವಾಗ ಚೂರು ಹಾರುತ್ತದೆ. ಪಕ್ಕದಲ್ಲಿ ಕೂತು ನೋಡುವ ಮಕ್ಕಳನ್ನು ಆಚೆಗೆ ಕಳಿಸಿ. ಇಂಥ ಕೆಲಸ ನಡೆಯುವ ಕಡೆಯೇ ಅವರು ಬಂದು ಕೂರುವುದು.

ಇದೆಲ್ಲ ಸರಿ, ನನ್ನ ಹತ್ತಿರ ಉಳಿಯೂ ಸುತ್ತಿಗೆಯೂ ಇದೆ, ಅದೇ ಬೆಣೆಯಲ್ಲವೇ ಎಂದು ಯಾರಾದರೂ ಕೇಳಿಯಾರು. ಬೆಣೆಯೇ ಹೌದು. ಆದರೆ ಉಳಿಯ ಮೇಲೆ ಬಿದ್ದ ಪೆಟ್ಟು ಎಲ್ಲಿಗೆ ಹೋಗುತ್ತದೆ? ನಟ್ಟಿನ ಮೂಲಕ ಬೋಲ್ಟಿಗೆ, ಬೋಲ್ಟಿನಿಂದ ಅದು ಹಿಡಿದಿರುವ ಭಾಗಕ್ಕೆ. ಆ ಭಾಗ ಮೆತ್ತನೆಯ ಉಕ್ಕಾದರೆ ತಡೆದೀತು. ಎರಕದ ಕಬ್ಬಿಣವಾದರೆ? ಪಂಪಿನ ಫ್ಲೇಂಜು, ವಾಲ್ವಿನ ಮೈ, ಹಳೆಯ ಡೀಸೆಲ್ ಇಂಜಿನ್ನಿನ ಎಷ್ಟೋ ಭಾಗಗಳು ಎರಕದವು. ಎರಕದ ಕಬ್ಬಿಣ ಭಾರ ತಡೆಯುತ್ತದೆ, ಪೆಟ್ಟು ತಡೆಯುವುದಿಲ್ಲ. ಮಣ್ಣಿನ ಮಡಕೆಯ ಜಾತಿ ಅದು. ಹತ್ತು ರೂಪಾಯಿಯ ನಟ್ಟು ಬಿಡಿಸಲು ಹೋಗಿ ಪಂಪಿನ ಕಿವಿ ಮುರಿದುಕೊಂಡವರು ಊರಿಗೊಬ್ಬರಾದರೂ ಸಿಕ್ಕಾರು. ಅದೂ ಬೆಳೆ ಒಣಗುತ್ತಿರುವಾಗ, ಪಂಪು ಇವತ್ತೇ ನಡೆಯಬೇಕಾದಾಗ. ಮುರಿದ ಎರಕವನ್ನು ಬೆಸೆಯುವುದು ಎಲ್ಲ ವೆಲ್ಡರುಗಳ ಕೈಲಿ ಆಗುವ ಕೆಲಸವಲ್ಲ. ನಮ್ಮ ಸಾಧನದ ದೊಡ್ಡ ಗುಣ ಇಲ್ಲಿದೆ. ಅದರ ಬಲವೆಲ್ಲ ಬಳೆಯೊಳಗೇ ಸುತ್ತಿಕೊಂಡಿರುತ್ತದೆ: ಒಂದು ಕಡೆ ಹಲ್ಲು ಒತ್ತುತ್ತದೆ, ಎದುರು ಕಡೆ ಬಳೆ ತಡೆಯುತ್ತದೆ. ಹೊರಗಿನ ಭಾಗಕ್ಕೆ ಪೆಟ್ಟಿಲ್ಲ, ಬೋಲ್ಟನ್ನು ತಿರುಚುವುದೂ ಇಲ್ಲ.

ತಿರುಚುವುದಿಲ್ಲ ಎಂಬ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗುಳದ ಬೋಲ್ಟಿನ ತಲೆ ಗುಳದ ಮೈಯೊಳಗೆ ಹುದುಗಿರುತ್ತದೆ. ತಲೆಯ ಕೆಳಗಿನ ಚೌಕದ ಕತ್ತು ಅದನ್ನು ತಿರುಗದಂತೆ ಹಿಡಿದಿರುತ್ತದೆ. ಮಣ್ಣಿನಲ್ಲಿ ಉಜ್ಜಿ ಉಜ್ಜಿ ತಲೆ ಸವೆದು, ಚೌಕವೂ ಸಡಿಲವಾದರೆ ನಟ್ಟು ತಿರುಗಿಸಿದಾಗ ಬೋಲ್ಟೂ ಜೊತೆಗೇ ತಿರುಗುತ್ತದೆ. ಎತ್ತಿನ ಗಾಡಿಯ ಮರಕ್ಕೆ ಹಾಕಿದ ಗುಂಡುತಲೆಯ ಬೋಲ್ಟೂ ಹೀಗೆಯೇ. ಮರ ಮೆತ್ತಗಾಗಿ ಚೌಕಕ್ಕೆ ಹಿಡಿತ ತಪ್ಪಿದರೆ ಎಷ್ಟು ತಿರುಗಿಸಿದರೂ ಬಿಚ್ಚಿಬರುವುದಿಲ್ಲ. ಇಂಥ ಕಡೆ ಎಷ್ಟು ಒಳ್ಳೆಯ ಸ್ಪ್ಯಾನರಿದ್ದರೂ ಪ್ರಯೋಜನವಿಲ್ಲ. ಸೀಳುವ ಸಾಧನಕ್ಕೆ ಬೋಲ್ಟು ತಿರುಗಿದರೇನು, ಬಿಟ್ಟರೇನು!

ಈಗ ಎಲ್ಲಿ ಬೇಡ ಎಂಬ ಮಾತಿಗೆ ಬರುತ್ತೇನೆ. ಈ ಕಡೆಯಿಂದ ಆ ಕಡೆಗೆ ತೂರಿಸಿದ ಸಾದಾ ಬೋಲ್ಟು, ತಲೆ ಚೆನ್ನಾಗಿ ಕೈಗೆ ಸಿಗುತ್ತದೆ, ಹೊಸದು ಅಂಗಡಿಯಲ್ಲಿ ಹತ್ತಿಪ್ಪತ್ತು ರೂಪಾಯಿಗೆ ಇದೆ. ಅಲ್ಲಿ ಇಷ್ಟೆಲ್ಲ ನಾಜೂಕು ಯಾಕೆ? ಹಲ್ಲುಗರಗಸದಿಂದ ಕೊಯ್ಯಿರಿ, ಗ್ರೈಂಡರಿದ್ದರೆ ಗ್ರೈಂಡರು ಹಿಡಿಯಿರಿ, ಹೋಗಲಿ ಪೈಪು ಸಿಕ್ಕಿಸಿ ಬೋಲ್ಟನ್ನೇ ಮುರಿದುಬಿಡಿ, ಹೊಸದು ಹಾಕಿದರಾಯಿತು. ಆದರೆ ಬೋಲ್ಟಿಗೆ ತಲೆಯೇ ಇಲ್ಲದೆ, ಅದರ ಒಂದು ತುದಿ ಯಂತ್ರದ ಮೈಗೇ ತಿರುಪಿ ಕೂಡಿಸಿದ್ದಾದರೆ, ಅದಕ್ಕೆ ಸ್ಟಡ್ಡು ಅನ್ನುತ್ತಾರೆ, ಅಲ್ಲಿ ಮಾತು ಬೇರೆ. ಸ್ಟಡ್ಡು ಮುರಿದರೆ ಅರ್ಧ ಒಳಗೇ ಉಳಿಯಿತು. ಅದನ್ನು ಡ್ರಿಲ್ಲು ಹೊಡೆದು ತೆಗೆಯಬೇಕು. ಡ್ರಿಲ್ಲು ಓರೆಯಾಯಿತೋ ಎರಕದ ತೂತೇ ಕೆಟ್ಟಿತು. ಪಂಪು, ಇಂಜಿನ್ನು, ಗೇರುಪೆಟ್ಟಿಗೆ ಇಂಥ ಕಡೆ ಸ್ಟಡ್ಡುಗಳೇ ಹೆಚ್ಚು. ಅಲ್ಲಿ ನಟ್ಟನ್ನು ಬಲಿಕೊಟ್ಟು ಸ್ಟಡ್ಡನ್ನು ಉಳಿಸಿಕೊಳ್ಳಬೇಕು. ನನ್ನ ಕೇಳಿದರೆ, ಈ ಸಾಧನವನ್ನು ಕೊಳ್ಳುವುದೇ ಇದಕ್ಕಾಗಿ.

ಗ್ರೈಂಡರಿನ ವಿಷಯ ಬಂತು, ಒಂದು ಮಾತು. ಈಗ ಊರೂರಿಗೂ ಗ್ರೈಂಡರು ಬಂದಿದೆ, ಕೆಲಸವೂ ಚುರುಕು. ಆದರೆ ಅದರ ಕಿಡಿ ಹತ್ತಾರು ಅಡಿ ಹಾರುತ್ತದೆ. ಕಣದ ಬದಿ, ಹುಲ್ಲಿನ ಬಣವೆಯ ಬದಿ, ಡೀಸೆಲ್ ಟ್ಯಾಂಕಿನ ಬದಿ ಅದನ್ನು ಹಿಡಿಯಬೇಡಿ. ಚಕ್ರದ ಮೇಲಿನ ತಗಡಿನ ಮರೆಯನ್ನು ತೆಗೆದು ಕೆಲಸ ಮಾಡುವವರನ್ನು ಕಂಡರೆ ದೂರ ನಿಲ್ಲಿ. ಕಲ್ಲು ಒಡೆದರೆ ಅದು ಬಂದೂಕಿನ ಗುಂಡಿಗಿಂತ ಕಡಿಮೆಯದಲ್ಲ.

ಎಲ್ಲ ನಟ್ಟೂ ಸೀಳುವುದಿಲ್ಲ ಎಂಬುದನ್ನೂ ಮುಂಚೆಯೇ ತಿಳಿದಿರಬೇಕು. ನಟ್ಟಿನ ಸುತ್ತ ಬಳೆ ಕೂರುವಷ್ಟು ಬಯಲು ಇರಬೇಕು. ಕುಳಿಯೊಳಗೆ ಇಳಿದ ನಟ್ಟಿಗೆ ಇದು ಬಾರದು. ಇನ್ನು ಗಡಸಿನ ಮಾತು. ಬೋಲ್ಟಿನ ತಲೆಯ ಮೇಲೆ ೮.೮ ಅಥವಾ ೧೦.೯ ಎಂದು ಅಚ್ಚೊತ್ತಿರುವುದನ್ನು ನೋಡಿರಬಹುದು. ನಟ್ಟಿನ ಮೇಲೂ ೮, ೧೦ ಎಂದು ಇರುತ್ತದೆ. ಅಂಕಿ ಹೆಚ್ಚಿದಷ್ಟೂ ಉಕ್ಕು ಗಟ್ಟಿ. ಅಂಕಿಯಿಲ್ಲದ ಸಾದಾ ನಟ್ಟು ಬೆಣ್ಣೆಯ ಹಾಗೆ ಸೀಳುತ್ತದೆ. ೮ರದ್ದು ಒಳ್ಳೆಯ ಸಾಧನಕ್ಕೆ ಬಗ್ಗುತ್ತದೆ. ೧೦ರದ್ದಕ್ಕೆ ಅಗ್ಗದ ಸಾಧನ ಹಚ್ಚಿದರೆ ಹಲ್ಲೇ ಮುರಿದು ಹಾರೀತು. ಟ್ರೇಲರಿನ ಕಮಾನುಪಟ್ಟಿಯ ಯು ಬೋಲ್ಟಿನ ನಟ್ಟುಗಳು ಸಾಮಾನ್ಯವಾಗಿ ಗಡಸು. ಅಲ್ಲಿ ನೋಡಿಕೊಂಡು ಕೈಹಾಕಿ. ತಿರುಪು ಬಿಗಿಯುತ್ತಲೇ ಇದೆ, ಹಲ್ಲು ಮಾತ್ರ ಇಳಿಯುತ್ತಿಲ್ಲ ಎಂದು ಕಂಡರೆ ಹಠ ಮಾಡದೆ ಬಿಟ್ಟುಬಿಡಿ.

ಕೊಳ್ಳುವಾಗ ಅಳತೆ ಕೇಳಿ ಕೊಳ್ಳಿ. ಒಂದೇ ಸಾಧನ ಎಲ್ಲ ನಟ್ಟಿಗೂ ಹೊಂದುವುದಿಲ್ಲ. ೯ರಿಂದ ೧೨, ೧೨ರಿಂದ ೧೬, ೧೬ರಿಂದ ೨೨, ೨೨ರಿಂದ ೨೭ ಮಿಲಿಮೀಟರು, ಹೀಗೆ ಅಳತೆಗಳಲ್ಲಿ ಬರುತ್ತವೆ; ಇದು ಸಾಮಾನ್ಯವಾಗಿ ನಟ್ಟಿನ ಅಗಲ, ಬೋಲ್ಟಿನ ದಪ್ಪವಲ್ಲ. ಕೆಲವು ಅಂಗಡಿಯವರು ಬೋಲ್ಟಿನ ದಪ್ಪ ಹೇಳಿ ಮಾರುತ್ತಾರೆ, ಆದ್ದರಿಂದ ಒಂದು ಹಳೆಯ ನಟ್ಟನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ ತೊಡಿಸಿಯೇ ನೋಡುವುದು ವಾಸಿ. ನಮ್ಮ ಬೇಸಾಯದ ಸಲಕರಣೆಗಳಿಗೆ ೧೬ರಿಂದ ೨೨ರದ್ದು ಒಂದಿದ್ದರೆ ಮುಕ್ಕಾಲು ಪಾಲು ಕೆಲಸ ಆದೀತು. ೧೦, ೧೨ ಮಿಲಿಮೀಟರಿನ ಬೋಲ್ಟುಗಳ ನಟ್ಟು ಅದರಲ್ಲಿ ಹಿಡಿಸುತ್ತವೆ. ಸಾದಾ ಸಾಧನ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಹಲ್ಲನ್ನು ಬಿಚ್ಚಿ ಬದಲಾಯಿಸಲು ಬರುವಂಥದು ಸಿಕ್ಕಿದರೆ ಎರಡು ಕಾಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಎಲ್ಲರೂ ಒಂದೊಂದು ಕೊಳ್ಳಬೇಕೆಂದೂ ಇಲ್ಲ. ವರ್ಷಕ್ಕೆ ನಾಲ್ಕಾರು ಸಲ ಬೇಕಾಗುವ ವಸ್ತು. ನಾಲ್ಕು ಮನೆಗೆ ಒಂದಿದ್ದರೆ ಸಾಕು, ಎರವಲು ಕೊಟ್ಟಿದ್ದು ತಿರುಗಿ ಬರುವ ಊರಾದರೆ.

ಹಳೆಯ ನಟ್ಟು ಹೋಯಿತು, ಹೊಸದು ಹಾಕಬೇಕು. ಇಲ್ಲಿ ಒಂದು ಬಲೆ ಇದೆ, ಬಹಳ ಜನ ಬೀಳುತ್ತಾರೆ. ನಮ್ಮ ದೇಶದಲ್ಲಿ ಮೆಟ್ರಿಕ್ ಅಳತೆಗೆ ಕಾಯಿದೆಯಾದದ್ದು ೧೯೫೬ರಲ್ಲಿ. ಅದಕ್ಕೆ ಹಿಂದಿನ ಸಲಕರಣೆಗಳು ಇಂಚಿನವು. ಇಂಗ್ಲೆಂಡಿನ ಜೋಸೆಫ್ ವಿಟ್ವರ್ತ್ ೧೮೪೧ರಲ್ಲಿ ಗೊತ್ತುಮಾಡಿದ ಥ್ರೆಡ್ಡು ನಮ್ಮಲ್ಲಿ ಬಹಳ ಕಾಲ ನಡೆಯಿತು. ಹೊರದೇಶದ ಮಾದರಿಯ ಟ್ರಾಕ್ಟರುಗಳ ಜೊತೆಗೆ ಇನ್ನೊಂದು ಬಗೆಯ ಇಂಚಿನ ಥ್ರೆಡ್ಡೂ ಬಂತು. ಅರ್ಧ ಇಂಚು ಅಂದರೆ ೧೨.೭ ಮಿಲಿಮೀಟರು. ಅದರ ನಟ್ಟನ್ನು ೧೨ ಮಿಲಿಮೀಟರಿನ ಬೋಲ್ಟಿಗೆ ಹಾಕಿದರೆ ಸಡಿಲಾಗಿ ಏರುತ್ತದೆ, ಬಿಗಿಯುವಾಗ ಥ್ರೆಡ್ಡು ಕಿತ್ತುಬರುತ್ತದೆ. ಸ್ಪ್ಯಾನರು ನೋಡಿ ತೀರ್ಮಾನ ಮಾಡುವ ಹಾಗೂ ಇಲ್ಲ. ಮುಕ್ಕಾಲು ಇಂಚಿನ ನಟ್ಟು ೧೯.೦೫ ಮಿಲಿಮೀಟರು, ೧೯ರ ಸ್ಪ್ಯಾನರೇ ಅದಕ್ಕೂ ಹೆಚ್ಚುಕಡಿಮೆ ಕೂರುತ್ತದೆ. ಹೊರಗಡೆ ಒಂದೇ, ಒಳಗಡೆ ಬೇರೆ! ಹೊಸ ನಟ್ಟು ಬೋಲ್ಟಿನ ಮೇಲೆ ಬರಿಗೈಯಲ್ಲಿ ಏಳೆಂಟು ಸುತ್ತು ಸಲೀಸಾಗಿ, ಅಲ್ಲಾಡದೆ ಹೋಗಬೇಕು. ಎರಡು ಸುತ್ತಿಗೇ ಬಿಗಿಯಾಯಿತು ಎಂದರೆ ಸ್ಪ್ಯಾನರು ಹಾಕಿ ನುಗ್ಗಿಸಬೇಡಿ. ಒಂದೋ ಥ್ರೆಡ್ಡು ಬೇರೆ, ಇಲ್ಲವೇ ಬೋಲ್ಟಿಗೆ ಹಲ್ಲು ತಾಗಿ ಗಾಯವಾಗಿದೆ. ಗಾಯ ಚಿಕ್ಕದಾದರೆ ಮೂರು ಮೂಲೆಯ ಸಣ್ಣ ಅರದಿಂದ ಅಷ್ಟು ಜಾಗವನ್ನು ಸವರಿ ಸರಿಮಾಡಬಹುದು.

ಕೂಡಿಸುವಾಗ ಥ್ರೆಡ್ಡಿಗೆ ಗ್ರೀಸು ಸವರಿ. ಹಳ್ಳಿಯ ಕೆಲಸಕ್ಕೆ ಚಕ್ರದ ಗ್ರೀಸೇ ಸಾಕು. ಕಾಯುವ ಇಂಜಿನ್ನಿನ ಸ್ಟಡ್ಡುಗಳಿಗೆ ಮಾತ್ರ ಗ್ರಾಫೈಟು ಅಥವಾ ತಾಮ್ರದ ಪುಡಿ ಬೆರೆತ ಗ್ರೀಸು ಬೇಕು, ಸಾದಾ ಗ್ರೀಸು ಅಲ್ಲಿ ಸುಟ್ಟುಹೋಗುತ್ತದೆ. ಗ್ರೀಸು ಹಾಕಿದ ನಟ್ಟು ಅದೇ ಬಲಕ್ಕೆ ಹೆಚ್ಚು ಬಿಗಿಯುತ್ತದೆ, ಆದ್ದರಿಂದ ಕೈ ಸ್ವಲ್ಪ ಹಗುರವಿರಲಿ. ಟ್ರಾಕ್ಟರಿನ ಚಕ್ರದ ನಟ್ಟುಗಳ ವಿಷಯ ಬೇರೆ. ಅವಕ್ಕೆ ಎಣ್ಣೆ ಗ್ರೀಸು ಹಾಕುವ ಮುಂಚೆ ಟ್ರಾಕ್ಟರಿನ ಜೊತೆ ಕೊಟ್ಟ ಪುಸ್ತಕ ತೆಗೆದು ನೋಡಿ. ಅದುರುವ ಕಡೆ ಸ್ಪ್ರಿಂಗ್ ವಾಷರು ಮರೆಯಬೇಡಿ. ನಟ್ಟಿನಿಂದಾಚೆಗೆ ಉಳಿದ ಬೋಲ್ಟಿನ ತುದಿಗೂ ಒಂದಿಷ್ಟು ಗ್ರೀಸು ಮೆತ್ತಿ ಬಿಡಿ. ಮುಂದಿನ ಸಲ ನಟ್ಟು ಹೊರಬರುವ ದಾರಿ ಅದೇ.

ಈ ಕೆಲಸಕ್ಕೆ ಹೊತ್ತು ಯಾವುದು? ಸುಗ್ಗಿ ಮುಗಿದು ಸಲಕರಣೆ ನಿಲ್ಲಿಸುವಾಗ ಒಂದು ಸಲ, ಭರಣಿ ಕೃತ್ತಿಕೆಯ ಹೊತ್ತಿಗೆ ಇನ್ನೊಂದು ಸಲ. ಗೊಬ್ಬರದ ಕೂರಿಗೆಯನ್ನು ನಿಲ್ಲಿಸುವ ಮುಂಚೆ ನೀರಿನಲ್ಲಿ ತೊಳೆದು, ಒಣಗಿಸಿ, ಎಣ್ಣೆ ಬಟ್ಟೆ ಆಡಿಸಿ ನಿಲ್ಲಿಸಿ. ಬೇಸಗೆಯಲ್ಲಿ ಒಂದು ಸಂಜೆ ಕಲ್ಟಿವೇಟರಿನ ಹದಿನೆಂಟು ನಟ್ಟಿಗೂ ಸ್ಪ್ಯಾನರು ಹಾಕಿ ಅರ್ಧ ಸುತ್ತು ಆಡಿಸಿ ನೋಡಿ. ಆಡಿದ್ದು ಆಡಿತು; ಆಡದಿದ್ದಕ್ಕೆ ಸುಣ್ಣದ ಬೊಟ್ಟಿಟ್ಟು, ಎಣ್ಣೆ ಬಿಟ್ಟು ಮಲಗಿ. ಬೆಳಿಗ್ಗೆಯೂ ಆಡದಿದ್ದುದನ್ನು ಸೀಳಿ ತೆಗೆಯಿರಿ. ಸಂತೆಗೆ ಹೋದಾಗ ಅದರ ಹೋಳನ್ನು ಒಂದು ಚೀಟಿಯಲ್ಲಿ ಸುತ್ತಿಕೊಂಡು ಹೋಗಿ, ಅದೇ ಥ್ರೆಡ್ಡಿನ ಹೊಸ ನಟ್ಟುಗಳನ್ನು ನಾಲ್ಕು ಹೆಚ್ಚಾಗಿಯೇ ತಂದು ಒಂದು ಡಬ್ಬಿಯಲ್ಲಿ ಎಣ್ಣೆ ಹಚ್ಚಿ ಇಡಿ.